ಷರಾ ಕಾಲಂ

ಹ್ಯಾರಿಸ್ ಪಾರ್ಕ್, ಸಿಡ್ನಿ
12 ಫೆಬ್ರವರಿ 2006

ಊರ್ಮಿಳಾ ಕಂದಾ,

ಕೈಯಲ್ಲಿ ಬರೆದ ಕಾಗದ ಕಂಡು ಎಷ್ಟು ಕಾಲವಾಗಿತ್ತು. ನಿನ್ನ ಅಕ್ಷರ ಥೇಟ್ ನಿಮ್ಮಮ್ಮನದು, ನನ್ನ ತಂಗಿಯೂ ಹೀಗೇ ಸಾಲನ್ನು ಮೇಲಕ್ಕೆ ಹತ್ತಿಸಿಕೊಂಡು ಹೋಗುತ್ತಾಳೆ. ಫೋನಿಗಿಂತ ನನಗೂ ಇದೇ ಸಲೀಸು. ಈ ಸಣ್ಣ ಫ್ಲಾಟಿನ ಹಾಲ್‌ನಲ್ಲಿ ಆಡಿದ್ದು ರೂಮಿಗೆಲ್ಲ ಕೇಳುತ್ತದೆ.

ಮಕ್ಕಳಾಗದ ಹೆಂಗಸರನ್ನು ಲೆಕ್ಕ ಹಿಡಿಯುವುದು ಹೇಗೆ ಅಂತ ನಿಮ್ಮ ಯೂನಿವರ್ಸಿಟಿಯಲ್ಲಿ ಓದು ನಡೆಸಿದ್ದೀಯಂತೆ. ನೀವು ಹಿಂದೆ ಮನೆಮನೆಗೆ ಹೋಗಿ ಸರ್ವೆ ಬರೆದವರು, ನಿಜವಾಗಿ ಹೇಗೆ ಕೇಳುತ್ತಿದ್ದಿರಿ, ಯಾರು ಉತ್ತರ ಹೇಳುತ್ತಿದ್ದರು, ಮುಚ್ಚದೆ ಬರೆಯಿರಿ ಅಂದಿದ್ದೀಯ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ಮದುವೆ ಮಾಡಿದ ಮೇಲೆ ಮನೆಯಲ್ಲೇ ಓದಿಕೊಂಡು ಎಸ್ಸೆಸ್ಸೆಲ್ಸಿ ಕಟ್ಟಿದವಳು ನಾನು. ನನ್ನನ್ನು ಯೂನಿವರ್ಸಿಟಿಯವರು ಪ್ರಶ್ನೆ ಕೇಳುವ ದಿನ ಬಂತಲ್ಲ, ನಿನ್ನೆಯಿಡೀ ಅದೇ ಸಂಭ್ರಮ.

ಚಿತ್ರದುರ್ಗದಲ್ಲಿ ಐದು ದಿನ ಟ್ರೈನಿಂಗ್ ಕೊಟ್ಟರು. ಒಂದು ಚೀಲ, ಒಂದು ಛತ್ರಿ, ಒಂದು ರಟ್ಟು. ಪಾಠದಲ್ಲಿ ಮೊದಲನೆಯದು, ಹೆಂಗಸನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಹಳ್ಳಿಗೆ ಹೋದರೆ ಒಬ್ಬಳೇ ಇರುವ ಹೆಂಗಸು ಎಲ್ಲಿ ಸಿಗುತ್ತಾಳೆ? ಅತ್ತೆ ಬಾಗಿಲಿಗೆ ಅಡ್ಡ ಕೂತಿರುತ್ತಿದ್ದಳು. "ಅವಳನ್ನೇನು ಕೇಳ್ತೀಯವ್ವಾ, ಅವಳಿಗೆ ಬಾಯಿ ಬರಲ್ಲ, ನೀನು ಬರ್ಕ, ನಾನು ಹೇಳ್ತೀನಿ." ನಾನೂ ಬರೆದುಕೊಳ್ಳುತ್ತಿದ್ದೆ. ನಮ್ಮ ಸೂಪರ್‌ವೈಸರ್ ಮರಿಯಪ್ಪನವರು ಜೀಪಿನಲ್ಲೇ ಕೂತು ಫಾರಂ ನೋಡುತ್ತಿದ್ದರು. ಒಂದು ಚೌಕ ಖಾಲಿ ಕಂಡರೆ, "ಚಂದ್ರಪ್ರಭಮ್ಮಾ, ಈ ಮನೇಗೆ ಹೋಗಿದ್ರೋ, ಇಲ್ಲ ರಸ್ತೇಲೇ ನಿಂತು ಬರೆದ್ರೋ" ಅನ್ನುವರು. ಆಮೇಲೆ ನಾನು ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ. ಪುಟದ ಅಂಚಿಗೆ ಷರಾ ಅಂತ ಒಂದು ಕಾಲಂ ಇರುತ್ತಿತ್ತು. ಕೇಳಿದ್ದಕ್ಕಿಂತ ಹೆಚ್ಚು ಏನಾದರೂ ಗೊತ್ತಾದರೆ ಅಲ್ಲಿ ಬರೆಯಬೇಕು. ನನ್ನ ಷರಾಗಳನ್ನು ಅವರು ಉಳಿದವರಿಗೆ ಓದಿ ತೋರಿಸುತ್ತಿದ್ದರು. ಹೆಮ್ಮೆಯ ಮಾತು, ನಿನ್ನ ಹತ್ತಿರ ಹೇಳಿಕೊಳ್ಳಬಹುದು.

ಇಲ್ಲೂ ಒಂದು ಫಾರಂ ಬಂದಿತ್ತು ನೋಡು, ನನ್ನ ಸೊಸೆ ಪ್ರಾರ್ಥನಾ ಹೆಸರಿಗೆ, ಹೆಂಗಸರ ಆರೋಗ್ಯದ್ದು. ಮೂರು ವರ್ಷಕ್ಕೊಂದು ಸಲ ಬರುತ್ತಂತೆ. ಫ್ರಿಜ್ ಮೇಲೆ ಮ್ಯಾಗ್ನೆಟ್ ಕೆಳಗೆ ಎರಡು ತಿಂಗಳು ನೇತಾಡಿತು. ಅವಳಿಗೆ ಫಾರ್ಮಸಿಯಲ್ಲಿ ನಿಂತೂ ನಿಂತೂ ಮನೆಗೆ ಬರುವ ಹೊತ್ತಿಗೆ ಪೆನ್ನು ಹಿಡಿಯುವ ಶಕ್ತಿ ಎಲ್ಲಿರುತ್ತದೆ. ಜ್ಞಾಪಿಸಲಿಕ್ಕೆ ಕಾರ್ಡೂ ಬಂತು. ಬಾಕಿ ಬಿದ್ದ ಫಾರಂ ಕಂಡರೆ ನನಗೆ ಕೈ ಕಡಿಯುತ್ತದೆ. ಈಗ ಅದು ಅಲ್ಲಿಲ್ಲ ಬಿಡು.

ಅಳಿಯಂದಿರು ಚಕ್ರಪಾಣಿಯವರಿಗೆ ನನ್ನ ಆಶೀರ್ವಾದ ಹೇಳು.

ನಿನ್ನ ದೊಡ್ಡಮ್ಮ


ಕ್ಲೇಟನ್, ಮೆಲ್ಬರ್ನ್
27 ಫೆಬ್ರವರಿ 2006

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದವನ್ನು ಇವರಿಗೂ ಓದಿ ಹೇಳಿದೆ. ಮರಿಯಪ್ಪನವರ ಮಾತಿಗೆ ಇಬ್ಬರೂ ನಕ್ಕೆವು. ಆಮೇಲೆ ನಾನು ನಗು ನಿಲ್ಲಿಸಿ ನೋಟ್ಸ್ ಮಾಡಿಕೊಂಡೆ.

ನನ್ನ ತೊಂದರೆ ಏನೆಂದರೆ, ನಮ್ಮ ಕಡೆಯ ಹಳೆಯ ಸರ್ವೆಗಳಲ್ಲಿ ನಿಮಗೆ ಮಕ್ಕಳಾಗುವ ಕಷ್ಟವಿದೆಯೇ ಎಂದು ಯಾರೂ ಕೇಳಿಲ್ಲ. ಮದುವೆಯಾಗಿ ಐದು ವರ್ಷ ದಾಟಿದೆಯೇ, ಗಂಡ ಜೊತೆಯಲ್ಲಿದ್ದಾನೆಯೇ, ಮಕ್ಕಳಾಗದಂತೆ ಮಾತ್ರೆ ಗೀತ್ರೆ ತೆಗೆದುಕೊಳ್ಳುತ್ತಿಲ್ಲ ತಾನೇ, ಮಗು ಬೇಕೆಂದಿದೆಯೇ, ಹೆರಿಗೆ ಆಗಿದೆಯೇ. ಈ ಉತ್ತರಗಳನ್ನು ಜೋಡಿಸಿ ನಮ್ಮಂಥವರು ಆಫೀಸಿನಲ್ಲಿ ಕೂತು ಅವಳಿಗೊಂದು ಹೆಸರು ಕೊಡುತ್ತೇವೆ. ಡಾಕ್ಟರುಗಳ ಲೆಕ್ಕ ಬೇರೆ. ಹನ್ನೆರಡು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಸಾಕು ಅನ್ನುತ್ತಾರೆ. ಎರಡು ವರ್ಷ ಕಾಯಬೇಕು ಅನ್ನುವವರೂ ಇದ್ದಾರೆ. ಅದೇ ಹೆಂಗಸು ಒಂದು ಪಟ್ಟಿಯಲ್ಲಿ ಇರುತ್ತಾಳೆ, ಇನ್ನೊಂದರಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವವಳು ಗರ್ಭ ನಿಂತು, ಉಳಿಯದೆ ಹೋದವಳು. ಹೆರಿಗೆ ಎಣಿಸಿದರೆ ಅವಳು ಮಕ್ಕಳಾಗದವಳು. ಗರ್ಭ ಎಣಿಸಿದರೆ ಅಲ್ಲ. ನಿಮ್ಮ ಫಾರಂನಲ್ಲಿ ಅವಳನ್ನು ಎಲ್ಲಿ ಬರೆಯುತ್ತಿದ್ದಿರಿ?

ಪ್ರಾರ್ಥನಾ ಅತ್ತಿಗೆ ಹೇಗಿದ್ದಾರೆ? ಆಗಸ್ಟಿನಲ್ಲಿ ಟ್ರೈನಿಂಗಿಗೆಂದು ಇಲ್ಲಿಗೆ ಬಂದಾಗ ಅವರ ಕೈಯಲ್ಲಿ ನೀವು ಕಳಿಸಿದ್ದ ಚಟ್ನಿಪುಡಿ ಮೊನ್ನೆ ಮುಗಿಯಿತು. ಅವರನ್ನು ಸ್ವಲ್ಪ ನೋಡಿಕೊಳ್ಳಿ ದೊಡ್ಡಮ್ಮ. ಏನೂ ಕೇಳದೆ ನೋಡಿಕೊಳ್ಳಿ.

ಊರ್ಮಿಳಾ


ಹ್ಯಾರಿಸ್ ಪಾರ್ಕ್
13 ಮಾರ್ಚ್ 2006

ಊರ್ಮಿಳಾ,

ಏನೂ ಕೇಳದೆ ನೋಡಿಕೊಳ್ಳಿ ಅಂದಿದ್ದೀಯ. ನಾನು ಅವಳನ್ನು ಏನು ಕೇಳಿದ್ದೇನೆ? ಆರು ವರ್ಷದಲ್ಲಿ ಒಂದು ದಿನ ಆ ಮಾತು ಬಾಯಿಬಿಟ್ಟು ಆಡಿದವಳಲ್ಲ. ಆಡಿದ್ದೇನೆ ಅಂತ ಅವಳು ನಿನಗೇನಾದರೂ ಹೇಳಿದಳೋ? ಹೋಗಲಿ, ನಿನ್ನ ಮನಸ್ಸಿನಲ್ಲಿ ಹಾಗೇನೂ ಇರಲಿಕ್ಕಿಲ್ಲ. ವಯಸ್ಸಾದ ಮೇಲೆ ಎಲ್ಲ ಮಾತೂ ನಮ್ಮ ಮೇಲೇ ಅನ್ನಿಸುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ. ನಿಂತು ಇಳಿದುಹೋದದ್ದನ್ನು ಬರೆಯಲಿಕ್ಕೆ ಚೌಕ ಇತ್ತು. ಎಷ್ಟು ಸಲ ಗರ್ಭ ನಿಂತಿತ್ತು, ಎಷ್ಟು ಉಳಿಯಿತು, ಎಲ್ಲ ಬಿಡಿಬಿಡಿಯಾಗಿ. ಆದರೆ ಅತ್ತೆಯ ಎದುರಿಗೆ ಅದನ್ನು ಕೇಳುವುದು ಹೇಗೆ? ಕೇಳಿದರೂ ಹೇಳುವವರು ಯಾರು? ಚಳ್ಳಕೆರೆಯ ಹತ್ತಿರ ಒಂದು ಮನೆಯಲ್ಲಿ ಅತ್ತೆ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಸೊಸೆ ಜಯಲಕ್ಷ್ಮಿ ಅಂತ, ಒಳಬಾಗಿಲ ಹಿಂದೆ ನಿಂತಿದ್ದಳು. ಕೈ ಮಾತ್ರ ಆಚೆ ಚಾಚಿ ಎರಡು ಬೆರಳು ತೋರಿಸಿದಳು. ಎರಡು ನಿಮಿಷ ತಡೆಯಿರಿ, ಕಾಫಿ ಕುಡಿದು ಹೋಗಿ ಅನ್ನುತ್ತಿದ್ದಾಳೆ ಅಂದುಕೊಂಡೆ. ಜೀಪು ಹಾರ್ನ್ ಮಾಡುತ್ತಿತ್ತು, ಎದ್ದು ಬಂದೆ. ಆ ಕಾಲ ಹಾಗಿತ್ತು.

ಇನ್ನೊಂದು. ದೇವಸ್ಥಾನದಲ್ಲಿ ಸಿಗುವ ನನ್ನ ಸ್ನೇಹಿತೆಯೊಬ್ಬರು ಕೇಳುತ್ತಿದ್ದರು. ಇಲ್ಲಿಯ ಫಾರಂ ಒಂದು ಸಲ ಪೋಸ್ಟಿಗೆ ಹಾಕಿದ ಮೇಲೆ ವಾಪಸು ತೆಗೆದುಕೊಳ್ಳಲಿಕ್ಕೆ ಬರುತ್ತದಾ? ಅವರ ಮನೆಯ ಹುಡುಗಿಯದು. ಅವರು ಒಳ್ಳೆಯದಕ್ಕೇ ತುಂಬಿದ್ದು. ಒಂದೆರಡು ಕಡೆ ಗೊತ್ತಿಲ್ಲದೆ ಸೊನ್ನೆ ಹಾಕಿದ್ದಾರಂತೆ. ನಿನ್ನ ಕಾಗದದಲ್ಲಿ ಹೆರಿಗೆ ಬೇರೆ ಗರ್ಭ ಬೇರೆ ಅಂತ ಬರೆದಿದ್ದೆಯಲ್ಲ, ಅದನ್ನು ಹೇಳಿದ ಮೇಲೆ ಅವರಿಗೆ ನಿದ್ದೆಯಿಲ್ಲ.

ದೊಡ್ಡಮ್ಮ


ಕ್ಲೇಟನ್
2 ಏಪ್ರಿಲ್ 2006

ದೊಡ್ಡಮ್ಮನವರಿಗೆ,

ಎರಡು ವಾರದಿಂದ ಈ ಕಾಗದವನ್ನು ಬರೆದು ಹರಿಯುತ್ತಿದ್ದೇನೆ.

ಹೆಂಗಸರ ಆರೋಗ್ಯದ ಆ ಸರ್ವೆ ನಡೆಸುವುದು ನಮ್ಮ ಯೂನಿವರ್ಸಿಟಿಯ ಆಫೀಸೇ. ಅಲ್ಲಿಗೆ ಬಂದ ಫಾರಂಗಳಲ್ಲಿ ಒಂದರ ಅಂಚಿನಲ್ಲಿ ಬೇರೆ ಭಾಷೆಯಲ್ಲಿ ಏನೋ ಬರೆದಿತ್ತಂತೆ. ಹೆಸರು ವಿಳಾಸ ಇರುವ ಹಾಳೆಯನ್ನು ಮೊದಲೇ ತೆಗೆದಿಟ್ಟಿರುತ್ತಾರೆ, ಅದು ಯಾರದ್ದೆಂದು ನಮಗೆ ತಿಳಿಯಬಾರದು. ಇಲ್ಲಿ ಕನ್ನಡ ಓದುವವಳು ನಾನೊಬ್ಬಳೇ, ಓದಿ ಹೇಳು ಅಂತ ಕರೆದರು. ಮೇಲೆ "ಷರಾ" ಅಂತ ಬರೆದು ಕೆಳಗೆ ಗೆರೆ ಎಳೆದಿತ್ತು. ಒಂದು ಸಾಲು ಓದಿದೆ. ಆ ಅಕ್ಷರ ನನಗೆ ಗೊತ್ತು. ಹುಟ್ಟಿದಾಗಿನಿಂದ ನನ್ನ ಹುಟ್ಟುಹಬ್ಬಕ್ಕೆ ಬರುತ್ತಿದ್ದ ಕಾಗದಗಳ ಅಕ್ಷರ.

ಬರೆದವರು ನನಗೆ ಗೊತ್ತಿರುವವರು, ನಾನು ಓದುವಂತಿಲ್ಲ ಎಂದು ಹೇಳಿ ವಾಪಸು ಕೊಟ್ಟೆ. ಉಳಿದ ಸಾಲುಗಳಲ್ಲಿ ಏನಿದೆ ಎಂದು ನನಗೆ ತಿಳಿಯದು, ತಿಳಿಯುವುದೂ ಬೇಡ.

ಮುಂದೆ ಆಗುವುದು ಇಷ್ಟು. ಆ ಫಾರಂ ಯಾರ ಹೆಸರಿಗೆ ಹೋಗಿತ್ತೋ ಅವರಿಗೆ ಆಫೀಸಿನಿಂದ ಫೋನ್ ಮಾಡಿ, ನೀವೇ ತುಂಬಿದ್ದೇ ಎಂದು ಕೇಳುತ್ತಾರೆ. ಅಲ್ಲವೆಂದರೆ ಅದನ್ನು ರದ್ದು ಮಾಡಿ ಹೊಸದು ಕಳಿಸುತ್ತಾರೆ. ಯಾವತ್ತು ಫೋನ್ ಮಾಡುತ್ತಾರೆಂದು ನನಗೆ ಗೊತ್ತಿಲ್ಲ. ಒಂದು ತಿಂಗಳೊಳಗೆ ಇರಬಹುದು.

ನಿಮ್ಮ ಸ್ನೇಹಿತೆಗೆ ಹೇಳಿ. ಆ ಫೋನ್ ಬರುವ ಮೊದಲು ತಾವೇ ಆ ಹುಡುಗಿಯ ಹತ್ತಿರ ಹೋಗಿ ಹೇಳಿಬಿಡಲಿ.

ಊರ್ಮಿಳಾ


ಹ್ಯಾರಿಸ್ ಪಾರ್ಕ್
14 ಮೇ 2006

ಊರ್ಮಿಳಾ,

ನನಗೆ ಸ್ನೇಹಿತೆ ಯಾರೂ ಇಲ್ಲ. ನಿನಗೆ ಅದು ಅವತ್ತೇ ತಿಳಿದಿತ್ತು, ಆದರೂ ಆ ಪರದೆಯನ್ನು ನನ್ನ ಮುಖದಿಂದ ಎಳೆಯದೆ ಬಿಟ್ಟೆ. ಅದಕ್ಕೆ ನಾನು ತಕ್ಕವಳಾಗಲಿಲ್ಲ. ನಾನು ಹೇಳಲಿಲ್ಲ.

ಹೇಳಬೇಕು ಅಂತ ಮೂರು ಸಲ ಹೊರಟೆ. ಒಂದು ಸಲ ಇಬ್ಬರೂ ಸಾಮಾನು ತರಲು ವಿಗ್ರಾಂ ಸ್ಟ್ರೀಟಿಗೆ ನಡೆದು ಹೋಗುವಾಗ. ಇನ್ನೊಂದು ಸಲ ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುವಾಗ. ಮುಖ ಆ ಕಡೆಗಿರುತ್ತದೆ, ಸುಲಭ ಅಂದುಕೊಂಡೆ. ಕೈ ಉಜ್ಜುತ್ತಾ ಹೋಯಿತು, ಬಾಯಿ ಬರಲಿಲ್ಲ. ಮೂರನೇ ಸಲ ಹೇಳುವುದರ ಬದಲು ಒಬ್ಬಟ್ಟು ಮಾಡಿದೆ. "ಏನು ವಿಶೇಷ ಅತ್ತೆ" ಅಂದಳು. ಏನಿಲ್ಲ, ಬೇಳೆ ಹೆಚ್ಚಾಗಿತ್ತು ಅಂದೆ.

ಹೋದ ವಾರ ಮಂಗಳವಾರ ಫಾರ್ಮಸಿಯಲ್ಲಿದ್ದಾಗ ಅವಳ ಮೊಬೈಲಿಗೆ ಫೋನ್ ಬಂತಂತೆ. ಆ ಫಾರಂ ತಾನು ತುಂಬಿಯೇ ಇಲ್ಲ, ಎಲ್ಲೋ ಕಳೆದುಹೋಗಿದೆ ಅಂದುಕೊಂಡಿದ್ದೆ ಅಂತ ಹೇಳಿದ್ದಾಳೆ. ಅಂಚಿನಲ್ಲಿ ಬರೆದಿದ್ದ ಪುಟವನ್ನು ಅವರು ಫಾರ್ಮಸಿಗೆ ಫ್ಯಾಕ್ಸ್ ಮಾಡಿದ್ದಾರೆ, ಇವಳೇ ಕೇಳಿ ತರಿಸಿಕೊಂಡಿದ್ದು. ಸಾಯಂಕಾಲ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಬಂದವಳು ಬ್ಯಾಗನ್ನೂ ಇಳಿಸದೆ ಆ ಹಾಳೆಯನ್ನು ಕಾಯಿಯ ಪಕ್ಕ ಇಟ್ಟಳು.

ನಾನು ಬರೆದಿದ್ದು ಏನು ಅಂತ ನೀನು ಓದಿಲ್ಲ. ಓದದಿದ್ದರೆ ನಿನಗೆ ನನ್ನ ತಪ್ಪಿನ ಅಳತೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತೇನೆ, ನನ್ನದೇ ಅಕ್ಷರವಲ್ಲವೇ.

"ಷರಾ: ಮದುವೆಯಾಗಿ ಆರು ವರ್ಷ. ಗರ್ಭ ನಿಂತಿಲ್ಲ. ಮಗನಲ್ಲಿ ಯಾವ ತೊಂದರೆಯೂ ಇಲ್ಲ. ದಿನವಿಡೀ ನಿಂತು ಕೆಲಸ ಮಾಡುವುದರಿಂದ ಹೀಗಾಗಿರಬಹುದು. ಒಳ್ಳೆಯ ಹುಡುಗಿ."

ಒಳಗೆ ಚೌಕಗಳಲ್ಲಿ ಎಲ್ಲ ಕಡೆ ಸೊನ್ನೆ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನು ಅತ್ತು ಮುಗಿಸಿಬಿಡುತ್ತಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತು, "ಒಳ್ಳೆ ಹುಡುಗಿ ಅಂತ ಬೇರೆ ಬರೆದಿದ್ದೀರ" ಅಂದಳು. ಆಮೇಲೆ, "ಆಗಸ್ಟಲ್ಲಿ ಮೆಲ್ಬರ್ನ್‌ಗೆ ಟ್ರೈನಿಂಗ್‌ಗೆ ಹೋಗಿರ್ಲಿಲ್ಲ ಅತ್ತೆ ನಾನು. ಹನ್ನೊಂದು ವಾರ ಆಗಿತ್ತು, ಉಳಿದಿಲ್ಲ ಅಂತ ಸ್ಕ್ಯಾನಲ್ಲಿ ಗೊತ್ತಾಯ್ತು. ಅಲ್ಲಿ ಹಾಸ್ಪಿಟಲ್‌ಗೆ ಊರ್ಮಿಳಾನೇ ಕರ್ಕೊಂಡು ಹೋಗಿದ್ದು. ಇಲ್ಲೇ ಇದ್ರೆ ನಿಮಗೆ ಗೊತ್ತಾಗುತ್ತೆ ಅಂತ."

ಅದರ ಹಿಂದಿನ ವರ್ಷ ಅವಳು ಹೋಟೆಲ್ ಊಟ ಸೇರಲಿಲ್ಲ ಅಂತ ಎರಡು ದಿನ ಮಲಗಿದ್ದಳು. ನಾನು ಶುಂಠಿ ಕಷಾಯ ಮಾಡಿ ಕುಡಿಸಿದ್ದೆ, ಹೊರಗೆ ತಿನ್ನಬೇಡ ಅಂತ ಬುದ್ಧಿಯನ್ನೂ ಹೇಳಿದ್ದೆ. ಅದನ್ನು ಅವಳು ಎತ್ತಲಿಲ್ಲ. ನಾನೇ ಕೇಳಿದೆ, ಅವತ್ತು ಕಷಾಯ ಕುಡಿಸಿದಾಗಲೂ ಇದೇನಾ ಅಂತ. ತಲೆ ಆಡಿಸಿದಳು. "ಪೂರ್ತಿ ಕುಡಿದೆ ಅತ್ತೆ. ನೀವು ಪಕ್ಕದಲ್ಲೇ ಕೂತಿದ್ರಿ, ಬೇಡ ಅನ್ನಕ್ಕಾಗ್ಲಿಲ್ಲ."

ಗುರುವಿಗೆ ಎಲ್ಲ ಗೊತ್ತಂತೆ. ನಾನು ಹೊತ್ತು ಹೆತ್ತ ಮಗ, ಅಮ್ಮನಿಗೆ ಹೇಳುವುದು ಬೇಡ ಅಂತ ಅವನೂ ತೀರ್ಮಾನ ಮಾಡಿದ್ದ. ಯಾಕೋ ಅಂದರೆ, "ನಿಂಗೆ ಹೇಳಿದ್ರೆ ನೀನು ಅದನ್ನ ಎಲ್ಲಾದ್ರೂ ಬರೆದಿಡ್ತೀಯಮ್ಮ" ಅಂದ. ತಮಾಷೆಗೇ ಅಂದಿದ್ದು.

ಇನ್ನು ಮಾರ್ಚಿನಲ್ಲಿ ನಿನಗೆ ಬರೆದ ಸುಳ್ಳು. ಜಯಲಕ್ಷ್ಮಿ ಬಾಗಿಲ ಹಿಂದಿನಿಂದ ಎರಡು ಬೆರಳು ತೋರಿಸಿದಾಗ ನನಗೆ ಕಾಫಿ ಜ್ಞಾಪಕಕ್ಕೇ ಬರಲಿಲ್ಲ. ನಾನು ಆಗತಾನೇ ಕೇಳಿದ್ದ ಪ್ರಶ್ನೆ, ಎಷ್ಟು ಸಲ ಗರ್ಭ ನಿಂತಿತ್ತು ಅನ್ನುವುದು. ಅವಳ ಅತ್ತೆ, "ಎಲ್ಲಿಂದ ನಿಲ್ಲುತ್ತೆ, ಒಂದೂ ಇಲ್ಲ" ಅಂದಳು. ಆ ಬೆರಳು ನನಗೆ ಅರ್ಥವಾಯಿತು ಮಗಳೇ. ಅರ್ಥವಾಗಿಯೇ ಸೊನ್ನೆ ಬರೆದೆ. ಎರಡು ಅಂತ ಬರೆದರೆ ಯಾವಾಗ, ಎಷ್ಟು ತಿಂಗಳಿಗೆ ಅಂತ ಇನ್ನೊಂದು ಪುಟ ಕೇಳಬೇಕಿತ್ತು. ಕೇಳಿದ್ದರೆ ಆ ಮನೆಯಲ್ಲಿ ಜಗಳ. ಜೀಪು ಬೇರೆ. ಷರಾದಲ್ಲಿ "ಬಂಜೆ ಎಂದು ಅತ್ತೆಯ ಹೇಳಿಕೆ" ಅಂತ ಬರೆದೆ. ಮರಿಯಪ್ಪನವರು ಅದನ್ನೂ ಓದಿ ತೋರಿಸಿದರು.

ಹದಿಮೂರು ವರ್ಷ ಅದನ್ನು ನಾನು ನೆನೆಸಿಕೊಂಡವಳಲ್ಲ. ಈಗ ಹುರುಳಿಕಾಯಿ ಮುಟ್ಟಿದರೂ ಆ ಕೈ ಕಾಣುತ್ತದೆ.

ಇವತ್ತು ಇಲ್ಲಿ ತಾಯಂದಿರ ದಿನವಂತೆ. ಗುರು ಹೂವು ತಂದಿದ್ದಾನೆ. ಎಲ್ಲಿ ಇಡಬೇಕೋ ತೋಚದೆ ಬಚ್ಚಲಲ್ಲಿ ಬಕೆಟ್ಟಿಗೆ ಹಾಕಿಟ್ಟಿದ್ದೇನೆ.

ಚಂದ್ರಪ್ರಭಾ


ಕ್ಲೇಟನ್
23 ಮೇ 2006

ದೊಡ್ಡಮ್ಮ,

ಕಾಗದದ ಕೆಳಗೆ ನೀವು ಬರೀ ಹೆಸರು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ, ನೀವು ನನಗೆ ದೊಡ್ಡಮ್ಮನೇ.

ನಾನೂ ಮುಚ್ಚಿಟ್ಟೆ. ಆಗಸ್ಟಿನಲ್ಲಿ ಅತ್ತಿಗೆ ನಮ್ಮ ಮನೆಯ ಸೋಫಾದ ಮೇಲೆ ಮುದುರಿಕೊಂಡಿದ್ದಾಗ ನೀವು ಫೋನ್ ಮಾಡಿ, ಟ್ರೈನಿಂಗ್ ಹೇಗೆ ನಡೆಯುತ್ತಿದೆ ಅಂತ ಕೇಳಿದಿರಿ. ಬಹಳ ಚೆನ್ನಾಗಿ ನಡೆಯುತ್ತಿದೆ ಅಂತ ನಾನೇ ಹೇಳಿದೆ. ಅವರು ಮಾತು ತೆಗೆದುಕೊಂಡಿದ್ದರು. ಹಾಗಾಗಿ ನಿಮಗೆ ಸುತ್ತಿ ಬಳಸಿ ಬರೆದೆ. ಏನೂ ಕೇಳಬೇಡಿ ಅಂತ ಬರೆದದ್ದೂ ಈಗ ತಪ್ಪು ಅನ್ನಿಸುತ್ತಿದೆ. ಯಾರೂ ಕೇಳದೆ ಇದ್ದದ್ದೇ ಅವರಿಗೆ ಭಾರವಾಗಿತ್ತೋ ಏನೋ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಮ್ಮ ಜಿಲ್ಲೆಯ ಆ ಹಳೆಯ ಸರ್ವೆಯನ್ನು ಹೊಗಳಿದ್ದೆ. ಖಾಲಿ ಬಿಟ್ಟ ಚೌಕ ಒಂದೂ ಇಲ್ಲ, ಅಷ್ಟು ಅಚ್ಚುಕಟ್ಟು ಅಂತ. ನಿನ್ನೆ ಆ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯುವುದು ಎಂದು ಇನ್ನೂ ತಿಳಿದಿಲ್ಲ. ಅಲ್ಲಿರುವ ಸೊನ್ನೆಗಳಲ್ಲಿ ಯಾವುದು ಸೊನ್ನೆ, ಯಾವುದು ಎರಡು ಬೆರಳು ಎಂದು ನಾನು ಹೇಗೆ ಕಂಡುಹಿಡಿಯಲಿ?

ಹೊಸ ಫಾರಂ ಇಷ್ಟರಲ್ಲಿ ನಿಮ್ಮ ಮನೆಗೆ ಬಂದಿರುತ್ತದೆ. ಅದು ಎಷ್ಟು ದಿನ ನೇತಾಡಿದರೂ ನೇತಾಡಲಿ.

ನಿಮ್ಮ ಊರ್ಮಿಳಾ


ಹ್ಯಾರಿಸ್ ಪಾರ್ಕ್
18 ಜೂನ್ 2006

ಊರ್ಮಿಳಾ ಕಂದಾ,

ಫಾರಂ ಬಂದು ಮೂರು ವಾರ ಫ್ರಿಜ್ ಮೇಲೆ ಇತ್ತು. ನಾನು ಹಾಲು ತೆಗೆಯಬೇಕಾದರೂ ಆ ಕಡೆ ನೋಡದೆ ಕೈ ಹಾಕುತ್ತಿದ್ದೆ. ಮ್ಯಾಗ್ನೆಟ್ ಒಂದು ಸಲ ಜಾರಿ ಬಿತ್ತು. ಫಾರಂ ಕೆಳಗೆ ಬಿದ್ದದ್ದನ್ನು ಎತ್ತಲಿಕ್ಕೂ ಧೈರ್ಯ ಸಾಲದೆ ಗುರು ಬರುವ ತನಕ ಅದರ ಪಕ್ಕದಲ್ಲೇ ದಾಟಿಕೊಂಡು ಅಡಿಗೆ ಮಾಡಿದೆ. ಅವನು ಬಂದು, "ಏನಮ್ಮ, ಇಲಿ ಬಿದ್ದಿರೋ ಹಾಗೆ ಸುತ್ತಾಡ್ತಿದ್ದೀಯಲ್ಲ" ಅಂದ.

ಪ್ರಾರ್ಥನಾ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟು. ಕ್ಷಮಿಸು ಅಂತ ನಾನು ಒಂದು ಸಲ ಅಂದಾಗ, "ಈಗ ಬೇಡ ಅತ್ತೆ" ಅಂದಳು. ಮತ್ತೆ ಕೇಳಲಿಲ್ಲ. ಅಷ್ಟನ್ನಾದರೂ ಕಲಿತಿದ್ದೇನೆ.

ನಿನ್ನೆ ಶನಿವಾರ ಅವಳಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಫಾರಂ ತೆಗೆದುಕೊಂಡು ಬಂದು ಟೇಬಲ್ ಮೇಲೆ ಹರಡಿದಳು. "ಅತ್ತೆ, ನೀವು ಕೇಳಿ" ಅಂದಳು. ನಾನು ಬೇಡ ಅಂದೆ. "ಒಬ್ಬಳೇ ಕೂತ್ಕೊಂಡ್ರೆ ಆ ಪೇಜ್ ಹತ್ರ ಬಂದು ನಿಂತ್ಹೋಗ್ತೀನಿ. ಯಾರಾದ್ರೂ ಕೇಳಿದ್ರೆ ಹೇಳ್ಬೋದು ಅನ್ಸುತ್ತೆ. ನಿಮಗೆ ಕೇಳೋ ಕೆಲಸ ಗೊತ್ತಲ್ಲ."

ಗುರು ಸೋಫಾದಲ್ಲಿ ಕ್ರಿಕೆಟ್ ಹಾಕಿಕೊಂಡು ಕೂತಿದ್ದ. ನಾನು ಎದ್ದು ಹೋಗಿ ಟಿವಿ ಆರಿಸಿದೆ. ಅರ್ಧ ಗಂಟೆ ಪಾರ್ಕಿನ ಕಡೆ ತಿರುಗಾಡಿಕೊಂಡು ಬಾ ಅಂದೆ. "ನನ್ ಮನೇಲಿ ನಾನಿರ್ಬಾರ್ದಾ" ಅಂತ ಗೊಣಗಿದ. ಹೆಂಗಸನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು ಅಂತ ನಿಯಮ ಇದೆ, ಹೋಗು ಅಂದೆ. ಪ್ರಾರ್ಥನಾ ನಕ್ಕಳು. ಮೇ ತಿಂಗಳಿಂದ ಮೊದಲನೇ ಸಲ. ಚಿತ್ರದುರ್ಗದಲ್ಲಿ ಮೊದಲ ದಿನ ಹೇಳಿಕೊಟ್ಟ ಪಾಠವನ್ನು ನಾನು ಪಾಲಿಸಿದ್ದೂ ಇದೇ ಮೊದಲನೇ ಸಲ ಅಂತ ಅವಳಿಗೆ ಹೇಳಿಕೊಳ್ಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಪೆನ್ನು ಅವಳ ಕೈಯಲ್ಲಿತ್ತು. ಇಂಗ್ಲಿಷಿನ ಪ್ರಶ್ನೆಯನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಕೇಳಿದೆ, ನಿಧಾನವಾಗಿ, ಇಷ್ಟೂ ಬದಲಿಸದೆ. ಆ ಪುಟ ಬಂತು. ನೀವೂ ನಿಮ್ಮ ಸಂಗಾತಿಯೂ ಹನ್ನೆರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಪ್ರಯತ್ನಿಸಿ ಗರ್ಭ ನಿಲ್ಲದೆ ಇದ್ದದ್ದುಂಟೇ? ಅವಳು ತಿಂಗಳು ಎಣಿಸಿ ನೋಡಿದಳು. ಗುರುತು ಹಾಕಿದಳು. ಎಷ್ಟು ಸಲ ಗರ್ಭ ನಿಂತಿತ್ತು? ಇದನ್ನು ನಾನು ಎರಡು ಸಲ ಕೇಳಬೇಕಾಯಿತು. ಅವಳು ಪೆನ್ನನ್ನು ಚೌಕದ ಮೇಲೆ ಹಿಡಿದಳು. ಆಮೇಲೆ ಬರೆದಳು.

ಅವಳು ಬರೆದ ಅಂಕಿ ನಾನು ಅಂದುಕೊಂಡದ್ದಲ್ಲ ಊರ್ಮಿಳಾ. ನೀನು ಅಂದುಕೊಂಡಿರುವುದೂ ಅಲ್ಲದೇ ಇರಬಹುದು. ಎಷ್ಟೆಂದು ನಿನಗೆ ನಾನು ಬರೆಯುವುದಿಲ್ಲ. ಯಾವಾಗ, ಹೇಗೆ ಅಂತ ನನ್ನ ನಾಲಿಗೆಯ ತುದಿಯವರೆಗೂ ಬಂತು. ಫಾರಂನಲ್ಲಿ ಅದನ್ನು ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಮುಂದಿನ ಪ್ರಶ್ನೆ ಓದಿದೆ.

ಕೊನೆಯ ಪುಟದಲ್ಲಿ ಇನ್ನೇನಾದರೂ ಹೇಳುವುದಿದ್ದರೆ ಇಲ್ಲಿ ಬರೆಯಿರಿ ಅಂತ ದೊಡ್ಡದೊಂದು ಜಾಗ ಬಿಟ್ಟಿದ್ದಾರೆ. ನೀವೇನಾದ್ರೂ ಬರೀಬೇಕಾ ಅತ್ತೆ ಅಂದು ಪೆನ್ನನ್ನು ನನ್ನ ಕಡೆ ತಿರುಗಿಸಿದಳು. ತಮಾಷೆಗೋ, ಪರೀಕ್ಷೆಗೋ, ನನಗೆ ಗೊತ್ತಾಗಲಿಲ್ಲ. ಪೆನ್ನು ತೆಗೆದುಕೊಂಡೆ, ಮುಚ್ಚಳ ಹಾಕಿದೆ, ಅವಳ ಮುಂದೆ ಇಟ್ಟೆ.

ಲಕೋಟೆಯನ್ನು ಅವಳೇ ಅಂಟಿಸಿ, ಅವಳೇ ಸ್ಟೇಷನ್ ಹತ್ತಿರದ ಡಬ್ಬಕ್ಕೆ ಹಾಕಿ ಬಂದಳು. ನಾನು ಕಿಟಕಿಯಲ್ಲಿ ನಿಂತಿದ್ದೆ. ನಿಮ್ಮ ಆಫೀಸಿಗೆ ಅದು ಬಂದಾಗ ನಿನಗೆ ಗುರುತು ಸಿಗುವುದಿಲ್ಲ. ಅಂಚಿನಲ್ಲಿ ಯಾರ ಅಕ್ಷರವೂ ಇಲ್ಲ.

ನಿನ್ನ ದೊಡ್ಡಮ್ಮ